ಕರೆಂಟು, ಕನ್ನಡಕ, ಕಬ್ಬಿನ ಹೊಲ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ನಲವತ್ತೈದು ದಾಟಿದ ಐಟಿ ಮಂದಿಯ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಕೆಲವರು ಪುಣೆ, ಬೆಂಗಳೂರಿನಲ್ಲಿದ್ದಾರೆ, ಕೆಲವರು ಊರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡುತ್ತಾರೆ. ಕೋಡಿಂಗ್ ಬಗ್ಗೆ ಕೇಳಿದವರು ಕಡಿಮೆ. ಪಂಪ್‌ಸೆಟ್, ಇನ್ವರ್ಟರ್, ಕನ್ನಡಕ, ಅವ್ವನ ಮೊಬೈಲು ಇವೇ ಎಲ್ಲರ ತಲೆನೋವು. ಆಯಾ ಕೆಲಸ ಬಲ್ಲವರಿಂದಲೇ ಉತ್ತರ ಬರೆಸಿದ್ದೇವೆ.

ಪ್ರಶ್ನೆ: ನಾ ಪುಣೆದಾಗ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ, ವಯಸ್ಸು 46. ಊರಾಗ ಕಬ್ಬು ಐತಿ, 5 ಎಚ್‌ಪಿ ಬೋರ್‌ವೆಲ್ ಮೋಟರ್ ಐತಿ. ತ್ರೀ ಫೇಸ್ ಪಾಳಿ ರಾತ್ರಿ ಬಂದ್ರ ವಯಸ್ಸಾದ ಅಪ್ಪ ಬ್ಯಾಟರಿ ಹಿಡಕೊಂಡು ಹೊಲಕ್ಕ ಹೋಗ್ತಾರ. ಮೊಬೈಲ್ ಸ್ಟಾರ್ಟರ್ ಹಾಕಿದ್ರ ಈ ತ್ರಾಸ ತಪ್ಪತೈತೇನು? (ಜಮಖಂಡಿ ತಾಲ್ಲೂಕು)

ಉತ್ತರ: ಹೊಲದಲ್ಲಿ ಡ್ರಿಪ್ ಇದ್ದರೆ ತಪ್ಪುತ್ತದೆ, ಹರಿ ನೀರಾದರೆ ಅರ್ಧ ಮಾತ್ರ. ಸ್ಟಾರ್ಟರ್ ಮೋಟರ್ ಚಾಲೂ ಮಾಡೀತು, ಒಡ್ಡು ಕಟ್ಟಿ ಇನ್ನೊಂದು ಸಾಲಿಗೆ ನೀರು ತಿರುವಲಾರದು. ಡ್ರಿಪ್ ಇದ್ದವರು ಸಂಜೆಯೇ ಒಂದು ಭಾಗದ ವಾಲ್ವ್ ತೆರೆದಿಟ್ಟು, ಕರೆಂಟ್ ಬಂದಾಗ ಫೋನಿನಿಂದ ಚಾಲೂ ಮಾಡಿ, ಟೈಮರ್‌ಗೆ ಬಂದ್ ಮಾಡುವ ಕೆಲಸ ಬಿಡಬಹುದು.

ಕೊಳ್ಳುವಾಗ ಮೊದಲು ಕೇಳಬೇಕಾದ್ದು ಸಿಮ್ ವಿಚಾರ. ಅಗ್ಗದ ಸ್ಟಾರ್ಟರ್‌ಗಳಲ್ಲಿ ಇರುವುದು 2ಜಿ ಮಾಡ್ಯೂಲ್. ಜಿಯೊ ಜಾಲದಲ್ಲಿ 2ಜಿ ಇಲ್ಲ, ಹಾಗಾಗಿ ಆ ಸಿಮ್ ಹಾಕಿದರೆ ಪೆಟ್ಟಿಗೆ ಸುಮ್ಮನೆ ಕೂತಿರುತ್ತದೆ. ನಿಮ್ಮ ಹೊಲದಲ್ಲೇ ನಿಂತು ಯಾವ ಕಂಪನಿಯ 2ಜಿ ಸಿಗ್ನಲ್ ಬರುತ್ತದೆ ನೋಡಿ, ಇಲ್ಲವೇ 4ಜಿ ಮಾಡ್ಯೂಲ್ ಇರುವುದನ್ನೇ ಕೊಳ್ಳಿ. ಡೇಟಾ ಬೇಕಿಲ್ಲ, ಕರೆ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಸಾಕು. ಆದರೆ ವ್ಯಾಲಿಡಿಟಿ ಮುಗಿದ ದಿನ ನೆನಪಿಸುವವರು ಯಾರೂ ಇರುವುದಿಲ್ಲ, ರಿಚಾರ್ಜ್ ತಾರೀಖನ್ನು ನಿಮ್ಮ ಫೋನಿನಲ್ಲೇ ಇಟ್ಟುಕೊಳ್ಳಿ. ಆಂಟೆನಾ ತಗಡಿನ ಪೆಟ್ಟಿಗೆಯ ಹೊರಗೆ ಇರಲಿ. ಮನೆಯವರ ಎರಡು ಮೂರು ನಂಬರಿಗೆ ಮಾತ್ರ ಚಾಲೂ ಮಾಡುವ ಅಧಿಕಾರ ಕೊಡಿ.

ಜೋಡಣೆ ಸರಳ. ಹಳೆಯ ಸ್ಟಾರ್ಟರ್ ತೆಗೆಯಬೇಕಿಲ್ಲ. ಹೊಸ ಪೆಟ್ಟಿಗೆಯ ಸ್ಟಾರ್ಟ್ ಕಾಂಟ್ಯಾಕ್ಟ್ ಅನ್ನು ಹಸಿರು ಬಟನ್‌ಗೆ ಪ್ಯಾರಲಲ್ ಆಗಿ, ಸ್ಟಾಪ್ ಕಾಂಟ್ಯಾಕ್ಟ್ ಅನ್ನು ಕೆಂಪು ಬಟನ್‌ಗೆ ಸೀರಿಸ್ ಆಗಿ ಹಾಕುತ್ತಾರೆ. ಹೀಗಿದ್ದರೆ ಪೆಟ್ಟಿಗೆ ಕೆಟ್ಟ ದಿನ ಅದನ್ನು ಬೈಪಾಸ್ ಮಾಡಿ ಕೈಯಿಂದಲೇ ಚಾಲೂ ಮಾಡಬಹುದು. ಬೈಪಾಸ್ ಸ್ವಿಚ್ ಕೂಡಿಸದೆ ಮಿಸ್ತ್ರಿಯನ್ನು ಹೋಗಗೊಡಬೇಡಿ.

ಮೋಟರ್ ಸುಡುವುದು ಹೆಚ್ಚಾಗಿ ಸೆಟ್ಟಿಂಗ್ ತಪ್ಪಿದಾಗ. ನೀರು ತುಂಬು ಧಾರೆಯಲ್ಲಿ ಬರುತ್ತಿರುವಾಗ ಕ್ಲ್ಯಾಂಪ್ ಮೀಟರ್ ಹಿಡಿದು ಮೂರೂ ಫೇಸಿನ ಆಂಪಿಯರ್ ಅಳೆದು, ಪೆಟ್ಟಿಗೆಯ ಬಾಗಿಲ ಒಳಮೈಗೆ ಬರೆದಿಡಿ. 5 ಎಚ್‌ಪಿ ಸಬ್‌ಮರ್ಸಿಬಲ್‌ಗೆ ಸಾಮಾನ್ಯವಾಗಿ 8–9 ಆಂಪಿಯರ್ ಬರುತ್ತದೆ, ನೇಮ್ ಪ್ಲೇಟಿನಲ್ಲಿ ಎಷ್ಟಿದೆ ಅದನ್ನೂ ನೋಡಿ. 8 ಬಂತು ಎನ್ನಿ: ಡ್ರೈ ರನ್ (ನೀರಿಲ್ಲದೆ ಓಡುವುದು) ಮಿತಿ 6–6.4ಕ್ಕೆ, ಓವರ್‌ಲೋಡ್ 9–9.5ಕ್ಕೆ ಇಡಿ. ಬೋರಿನಲ್ಲಿ ನೀರು ಇಳಿದಾಗ ಪಂಪಿನ ಮೇಲಿನ ಭಾರ ಕಡಿಮೆಯಾಗಿ ಆಂಪಿಯರ್ ಬೀಳುತ್ತದೆ, ಪೆಟ್ಟಿಗೆ ಅದನ್ನೇ ಗುರುತು ಹಿಡಿಯುತ್ತದೆ. ಇಲ್ಲೊಂದು ಗೊಂದಲ ಉಂಟು. ಡ್ರಿಪ್ ಫಿಲ್ಟರ್ ಕಟ್ಟಿಕೊಂಡಾಗ, ಎಲ್ಲ ವಾಲ್ವ್ ಮುಚ್ಚಿದಾಗಲೂ ಆಂಪಿಯರ್ ಹೀಗೇ ಬೀಳುತ್ತದೆ. ‘ಡ್ರೈ ರನ್’ ಎಂದು ಮೆಸೇಜ್ ಬಂದಾಕ್ಷಣ ಬೋರ್ ಬತ್ತಿತೆಂದು ಕೈಚೆಲ್ಲಬೇಡಿ, ಮೊದಲು ಫಿಲ್ಟರ್ ತೊಳೆಸಿ.

ಇನ್ನು ಸಿಂಗಲ್ ಫೇಸಿಂಗ್. ಓಡುತ್ತಿರುವ ಮೋಟರಿಗೆ ಒಂದು ಫೇಸ್ ಹೋದರೂ ಆ ತಂತಿಯಲ್ಲಿ ಮೋಟರೇ ಹುಟ್ಟಿಸಿದ ವೋಲ್ಟೇಜ್ ಕಾಣುತ್ತದೆ. ಫೇಸ್ ಹೋದಾಗ ಮೋಟರ್ ನಿಲ್ಲಿಸಬೇಕಾದ, ವೋಲ್ಟೇಜ್ ಮಾತ್ರ ನೋಡುವ ಅಗ್ಗದ ಪ್ರಿವೆಂಟರ್ ಇಲ್ಲಿ ಮೋಸ ಹೋಗುತ್ತದೆ, ಅಷ್ಟರಲ್ಲಿ ಉಳಿದೆರಡು ಸುತ್ತು ಕಾಯ್ದು ಕಪ್ಪಾಗಿರುತ್ತವೆ. ಕರೆಂಟ್ ಅಳೆಯುವ ಸಿಟಿ ಕಾಯಿಲ್ ಕನಿಷ್ಠ ಎರಡು ಫೇಸಿಗೆ ಇರುವ ಪೆಟ್ಟಿಗೆಯನ್ನೇ ಕೇಳಿ ತನ್ನಿ. ಎರಡೇ ಫೇಸ್ ಇದ್ದಾಗ ಕಂಡೆನ್ಸರ್ ಹಚ್ಚಿ ಓಡಿಸುವ ರೂಢಿ ನಿಮ್ಮಲ್ಲಿದ್ದರೆ ಬಿಡಿಸಿ. ಅದು ಇದ್ದಲ್ಲಿ ಯಾವ ರಕ್ಷಣೆಯೂ ನೆಟ್ಟಗೆ ಕೆಲಸ ಮಾಡುವುದಿಲ್ಲ. ಟಿಸಿ (ಟ್ರಾನ್ಸ್‌ಫಾರ್ಮರ್) ರಿಪೇರಿಯಾದ ಮರುದಿನ ನೀರು ಒಮ್ಮೆಲೇ ಕಡಿಮೆ ಬಂದರೆ ಎರಡು ಫೇಸ್ ಅದಲುಬದಲಾಗಿ ಮೋಟರ್ ಉಲ್ಟಾ ತಿರುಗುತ್ತಿರಬಹುದು, ಯಾವುದಾದರೂ ಎರಡು ತಂತಿ ಬದಲಿಸಿದರೆ ಸರಿಯಾಗುತ್ತದೆ.

ಕರೆಂಟ್ ಬಂದೊಡನೆ ಮೋಟರ್ ತಾನೇ ಚಾಲೂ ಆಗುವ ಆಟೊ ಮೋಡ್ ಬೇಡ ಎಂಬುದು ನಮ್ಮ ಸಲಹೆ. ಚಾಲೂ ಆಗುವ ಕ್ಷಣ ಮೋಟರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅಂದರೆ 45 ಆಂಪಿಯರ್ ಆಸುಪಾಸು. ಒಂದೇ ಟಿಸಿಯ ಮೇಲಿನ ಎಲ್ಲ ಆಟೊ ಸ್ಟಾರ್ಟರ್‌ಗಳು ಕರೆಂಟ್ ಬಂದ ಸೆಕೆಂಡಿಗೇ ಎದ್ದರೆ ವೋಲ್ಟೇಜ್ ಕುಸಿದು ಟಿಸಿ ಫ್ಯೂಸ್ ಹಾರುತ್ತದೆ, ಆಮೇಲೆ ಯಾರಿಗೂ ನೀರಿಲ್ಲ. ಆಟೊ ಬೇಕೇ ಬೇಕೆಂದರೆ ಪಕ್ಕದ ಹೊಲದವರೊಂದಿಗೆ ಮಾತಾಡಿ ಒಬ್ಬರು 2 ನಿಮಿಷ, ಒಬ್ಬರು 4, ಒಬ್ಬರು 6 ಎಂದು ವಿಳಂಬ ಹಂಚಿಕೊಳ್ಳಿ. ಪೆಟ್ಟಿಗೆಯ ತೂತುಗಳಿಗೆ ರಬ್ಬರ್ ಗ್ರೊಮೆಟ್ ಹಾಕಿಸಿ. ಕಾಂಟ್ಯಾಕ್ಟರ್ ಪಾಯಿಂಟಿನಲ್ಲಿ ಇರುವೆ ಸಿಕ್ಕು ಮೋಟರ್ ಹಿಡಿಯದೇ ಇರುವುದು ಇಲ್ಲಿ ದಿನನಿತ್ಯದ ದೂರು.

ಪ್ರಶ್ನೆ: ಮನೆಯಿಂದಲೇ ಕೆಲಸ. ಇನ್ವರ್ಟರ್ ಇದೆ, ಫ್ಯಾನ್ ದೀಪ ನಿಲ್ಲುವುದಿಲ್ಲ. ಆದರೆ ಕರೆಂಟ್ ಹೋದ ಕೂಡಲೇ ಇಂಟರ್ನೆಟ್ ಕಡಿದು, ಮೀಟಿಂಗಿನಿಂದ ಹೊರಬಿದ್ದಿರುತ್ತೇನೆ. ಮಳೆಗಾಲದಲ್ಲಂತೂ ದಿನಕ್ಕೆ ನಾಲ್ಕು ಸಲ. (ಬೆಳಗಾವಿ, ಟಿಳಕವಾಡಿ)

ಉತ್ತರ: ಮೊದಲು ಫೈಬರ್ ಪೆಟ್ಟಿಗೆಯ ದೀಪ ನೋಡಿ. ಕರೆಂಟ್ ಹೋದಾಗ ಎಲ್ಲ ದೀಪ ಆರಿ ಮತ್ತೆ ಹತ್ತಿಕೊಂಡರೆ ತೊಂದರೆ ನಿಮ್ಮ ಮನೆಯಲ್ಲಿದೆ. ಪವರ್ ದೀಪ ಉರಿಯುತ್ತಲೇ ಇದ್ದು ‘ಲಾಸ್’ ಕೆಂಪಗೆ ಮಿಣುಕಿದರೆ ಬೆಳಕು ಆ ಕಡೆಯಿಂದಲೇ ಬರುತ್ತಿಲ್ಲ: ಬೀದಿಯಲ್ಲಿರುವ ಕೇಬಲ್ ಆಪರೇಟರ್‌ನ ಯಂತ್ರಕ್ಕೆ ಬ್ಯಾಕಪ್ ಇಲ್ಲ, ಅಥವಾ ಮರ ಬಿದ್ದು ತಂತಿ ಕಡಿದಿದೆ. ಹೊರಗಿನ ಈ ತೊಂದರೆಗೆ ನಿಮ್ಮ ದುಡ್ಡಿನಿಂದ ಮದ್ದಿಲ್ಲ, ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್ ಇಟ್ಟುಕೊಳ್ಳುವುದೇ ದಾರಿ.

ಮನೆಯೊಳಗಿನ ತೊಂದರೆಗೆ ಇನ್ವರ್ಟರ್ ಹಿಂಭಾಗದ ಸ್ವಿಚ್ ನೋಡಿ. ಅದು ಸಾಧಾರಣ ಮೋಡಿನಲ್ಲಿದ್ದರೆ ಬದಲಾವಣೆಯ ಕ್ಷಣ ಫ್ಯಾನಿಗೆ ಗೊತ್ತಾಗದಷ್ಟು ಚಿಕ್ಕದು, ರೌಟರ್‌ಗೆ ಮಾತ್ರ ಸಾಕಷ್ಟು ದೊಡ್ಡದು. ಅದು ಆರಿ, ಮತ್ತೆ ಏಳಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಯುಪಿಎಸ್ ಮೋಡಿಗೆ ತಿರುಗಿಸಿದರೆ ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಈ ಮೋಡಿನಲ್ಲಿ ಇನ್ವರ್ಟರ್ ಸುಮಾರು 180ರಿಂದ 260 ವೋಲ್ಟ್ ಒಳಗಿನ ಕರೆಂಟನ್ನು ಮಾತ್ರ ಒಪ್ಪುತ್ತದೆ. ಸಂಜೆ ವೋಲ್ಟೇಜ್ 170ಕ್ಕೆ ಇಳಿಯುವ ಓಣಿಯಲ್ಲಿ ಅದು ಕರೆಂಟ್ ಇದ್ದೂ ಬ್ಯಾಟರಿಗೆ ಹಾರಿ, ಲೈಟ್ ನಿಜವಾಗಿ ಹೋಗುವಷ್ಟರಲ್ಲಿ ಬ್ಯಾಟರಿ ಬರಿದು ಮಾಡಿರುತ್ತದೆ. ಅಂಥಲ್ಲಿ ಇನ್ವರ್ಟರ್ ಹಳೆಯ ಮೋಡಿನಲ್ಲೇ ಇರಲಿ, ರೌಟರ್‌ಗೆ ಪ್ರತ್ಯೇಕ ಮಿನಿ ಯುಪಿಎಸ್ ತನ್ನಿ.

ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿಕೊಂಡು ಅಂಗಡಿಗೆ ಹೋಗಿ. 12 ವೋಲ್ಟ್ 1.5 ಆಂಪಿಯರ್ ಇದ್ದಲ್ಲಿ 1 ಆಂಪಿಯರ್‌ನ ಯುಪಿಎಸ್ ಹಾಕಿದರೆ ವೈಫೈ ಜೋರಾದಾಗೆಲ್ಲ ರೀಸ್ಟಾರ್ಟ್ ಆಗುತ್ತದೆ. ಪಿನ್ನಿನ ಒಳವ್ಯಾಸ 2.1 ಅಥವಾ 2.5 ಮಿಲಿಮೀಟರ್ ಇರುತ್ತದೆ, ತಪ್ಪಾದರೆ ಕುಳಿತಂತೆ ಕಂಡರೂ ಸಡಿಲ. ಪೆಟ್ಟಿಗೆಯ ಮೇಲಿನ ‘10,000 ಎಂಎಎಚ್’ ನಂಬಿ ಲೆಕ್ಕ ಹಾಕಬೇಡಿ. ಅದು 3.7 ವೋಲ್ಟಿನ ಸೆಲ್ಲಿನ ಲೆಕ್ಕ: 37 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಸೋರಿದ್ದನ್ನು ಕಳೆದರೆ 30ರ ಸುಮಾರು. 10 ವ್ಯಾಟ್ ತಿನ್ನುವ ಪೆಟ್ಟಿಗೆಗೆ ಮೂರು ಗಂಟೆ ಬರುತ್ತದೆ.

ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಬೋರ್ ನೀರಿನ ಮಾತಂತೂ ಬೇಡ.

ಪ್ರಶ್ನೆ: ವಯಸ್ಸು 47. ಪ್ರೋಗ್ರೆಸಿವ್ ಕನ್ನಡಕ ಹಾಕಿದ ಮೇಲೆ ಕುತ್ತಿಗೆ ನೋವು ಶುರುವಾಗಿದೆ. ಎಲ್ಲರೂ ಹೇಳಿದಂತೆ ಲ್ಯಾಪ್‌ಟಾಪನ್ನು ಸ್ಟ್ಯಾಂಡ್ ಮೇಲೆ ಎತ್ತರಿಸಿದೆ, ನೋವು ಇನ್ನೂ ಹೆಚ್ಚಾಯಿತು. (ವಿಜಯಪುರ)

ಉತ್ತರ: ಎತ್ತರಿಸಿದ್ದೇ ಕಾರಣ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ ಎಂಬ ಮಾತು ಒಂದೇ ಪವರಿನ ಕನ್ನಡಕದವರಿಗೆ ಸರಿ. ಪ್ರೋಗ್ರೆಸಿವ್‌ನಲ್ಲಿ ದೂರದ ನೋಟ ಮೇಲೆ, ಓದು ಕೆಳಗೆ, ಪರದೆಯ ದೂರಕ್ಕೆ ಬೇಕಾದ ಭಾಗ ನಡುವಿನ ಇಕ್ಕಟ್ಟಾದ ಪಟ್ಟಿ. ಪರದೆ ಮೇಲಿದ್ದಷ್ಟೂ ಗದ್ದ ಎತ್ತಿ ಆ ಪಟ್ಟಿಯಿಂದ ನೋಡಬೇಕಾಗುತ್ತದೆ, ದಿನಕ್ಕೆ ಎಂಟು ತಾಸು ಕುತ್ತಿಗೆ ಹಿಂದಕ್ಕೆ ಬಾಗಿರುತ್ತದೆ. ಮೇಲಂಚು ಕಣ್ಣಿಗಿಂತ ಒಂದು ಗೇಣಿನಷ್ಟು ಕೆಳಗೆ ಬರುವಂತೆ ಇಳಿಸಿ, ಪರದೆಯನ್ನು ತುಸು ಹಿಂದಕ್ಕೆ ಓರೆ ಮಾಡಿ ನೋಡಿ.

ಒಂದು ವಾರದಲ್ಲಿ ಗುಣ ಕಾಣದಿದ್ದರೆ ಕೆಲಸಕ್ಕೆಂದೇ ಬೇರೆ ಕನ್ನಡಕ ಮಾಡಿಸಿ. ಕಣ್ಣಿನಿಂದ ಪರದೆಗೆ ಎಷ್ಟು ಸೆಂಟಿಮೀಟರ್ ಎಂದು ಟೇಪಿನಿಂದ ಅಳೆದು, ಸಾಮಾನ್ಯವಾಗಿ 60–70 ಬರುತ್ತದೆ, ಚೀಟಿಯಲ್ಲಿ ಬರೆದು ಕಣ್ಣು ಪರೀಕ್ಷಿಸುವವರಿಗೆ ಕೊಡಿ. ಅವರು ನೋಡುವ ರೀಡಿಂಗ್ ಪವರ್ 40 ಸೆಂಟಿಮೀಟರಿಗೆ, ಹೇಳದಿದ್ದರೆ ಅದೇ ಹಾಕಿಕೊಡುತ್ತಾರೆ. ಈ ಕನ್ನಡಕದಲ್ಲಿ ದೂರದ್ದು ಮಸುಕು, ಹಾಕಿಕೊಂಡು ಗಾಡಿ ಹೊಡೆಯಬೇಡಿ.

ವಿಜಯಪುರದ ಏಪ್ರಿಲ್–ಮೇ ಒಣಗಾಳಿಗೆ ಎದುರು ಫ್ಯಾನ್ ಇಟ್ಟುಕೊಂಡು ಕೂತರೆ ಕಣ್ಣು ಉರಿಯದೇ ಇರದು, ಫ್ಯಾನನ್ನು ಬೆನ್ನಿನ ಕಡೆಗೆ ತಿರುಗಿಸಿ. ಪವರ್ ಕೆಲವೇ ವಾರಗಳಲ್ಲಿ ಏರುಪೇರಾದರೆ ಕನ್ನಡಕ ಬದಲಿಸುವ ಮೊದಲು ರಕ್ತದ ಸಕ್ಕರೆ ಪರೀಕ್ಷಿಸಿ.

ಪ್ರಶ್ನೆ: ಅವ್ವನ ವಾಟ್ಸ್ಯಾಪಿಗೆ ‘ಮದುವೆ ಆಮಂತ್ರಣ’ ಅಂತ ಫೈಲ್ ಬಂದಿತ್ತು, ಒತ್ತಿದ್ದಾಳೆ. ಈಗ ಅವಳ ನಂಬರಿನಿಂದ ಬೀಗರಿಗೆಲ್ಲ ಅದೇ ಫೈಲ್ ಹೋಗುತ್ತಿದೆ. ಏನು ಮಾಡಲಿ? (ಇಳಕಲ್)

ಉತ್ತರ: ಅದು ‘.ಎಪಿಕೆ’ ಫೈಲ್, ಅಂದರೆ ಆ್ಯಪ್. ಆಮಂತ್ರಣ ಫೋಟೊ, ವಿಡಿಯೊ, ಪಿಡಿಎಫ್ ಆಗಿ ಬರುತ್ತದೆ, ‘ಇನ್‌ಸ್ಟಾಲ್’ ಎಂದು ಎಂದೂ ಕೇಳುವುದಿಲ್ಲ. ಎಸ್ಸೆಮ್ಮೆಸ್ ಓದುವ ಅನುಮತಿ ಪಡೆದು ಬ್ಯಾಂಕಿನ ಒಟಿಪಿಯನ್ನು ಆಚೆಗೆ ಕಳಿಸುವುದೇ ಇದರ ಕೆಲಸ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಬಂದ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ತಡೆಹಿಡಿಸಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ತಡೆಯುವುದು ಇದರ ಉದ್ದೇಶ, ಆದ್ದರಿಂದ ನಾಳೆ ಠಾಣೆಗೆ ಹೋದರಾಯಿತು ಎನ್ನಬೇಡಿ. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆಗೆ ಆಮೇಲೆ ಹೋಗಬಹುದು.

ಬಳಿಕ ಫೋನಿನ ಶುದ್ಧಿ. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಅದನ್ನು ಹುಡುಕಿ ಅನ್‌ಇನ್‌ಸ್ಟಾಲ್ ಮಾಡಿ. ಬಟನ್ ಮಂಕಾಗಿದ್ದರೆ ಅದು ‘ಡಿವೈಸ್ ಅಡ್ಮಿನ್’ ಅಥವಾ ‘ಆ್ಯಕ್ಸೆಸಿಬಿಲಿಟಿ’ ಅಧಿಕಾರ ಪಡೆದಿದೆ, ಮೊದಲು ಅಲ್ಲಿ ಆಫ್ ಮಾಡಿ. ಐಕಾನ್ ಅಡಗಿಸಿಕೊಂಡಿರುವುದೂ ಉಂಟು, ಆಗ ಫೋಟೊಗಳನ್ನು ಬೇರೆಡೆ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡುವುದೇ ಲೇಸು. ವಾಟ್ಸ್ಯಾಪಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ಇರುವ ಎಲ್ಲವನ್ನೂ ಲಾಗೌಟ್ ಮಾಡಿ, ಎರಡು ಹಂತದ ಪಿನ್ ಹಾಕಿ. ಕರೆಗಳು ಬೇರೆ ನಂಬರಿಗೆ ತಿರುಗಿರಬಹುದು. ##002# ಒತ್ತಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಬೀಗರಿಗೆ ಮೆಸೇಜ್ ಬೇಡ, ಅವರು ನಂಬಲಾರರು. ಕರೆ ಮಾಡಿಯೇ ಹೇಳಿ.

ಮುಂದಕ್ಕೆ ‘ಅನ್‌ನೋನ್ ಆ್ಯಪ್’ ಇನ್‌ಸ್ಟಾಲ್ ಅನುಮತಿಯನ್ನು ವಾಟ್ಸ್ಯಾಪ್ ಮತ್ತು ಬ್ರೌಸರ್ ಎರಡಕ್ಕೂ ತೆಗೆದುಹಾಕಿ. ಪೆನ್ಷನ್ ಬರುವ ಖಾತೆಗೆ ಯುಪಿಐ ಬೇಡ. ಎರಡು ಮೂರು ಸಾವಿರ ಇರುವ ಬೇರೆ ಖಾತೆಗೆ ಜೋಡಿಸಿ. ಅವ್ವನನ್ನು ಬೈದರೆ ಮುಂದಿನ ಸಲ ಆಕೆ ಹೇಳುವುದೇ ಇಲ್ಲ, ಆಗಿನ ನಷ್ಟ ದೊಡ್ಡದು.

ಪ್ರಶ್ನೆ: 48 ವರ್ಷ, ಟೆಸ್ಟಿಂಗ್ ಕೆಲಸ. ಎಐ ಕೋರ್ಸಿಗೆ ದುಡ್ಡು ಸುರಿಯಬೇಕೇ? (ಮುಧೋಳ)

ಉತ್ತರ: ಈಗಲೇ ಬೇಡ. ಉತ್ತರ ನಿಮಗೆ ಮೊದಲೇ ಗೊತ್ತಿರುವ ಹಳೆಯ ದೋಷವೊಂದನ್ನು ಆರಿಸಿ, ಉಚಿತ ಎಐಗೆ ಕೊಟ್ಟು ಟೆಸ್ಟ್ ಬರೆಸಿ. ಕೋಡ್ ಏನು ಮಾಡುತ್ತದೋ ಅದನ್ನೇ ಸರಿ ಎಂದು ಒಪ್ಪುವ ಟೆಸ್ಟ್ ಬರೆಯುವುದು, ಇಲ್ಲದ ಫಂಕ್ಷನ್ ಹೆಸರು ಹುಟ್ಟಿಸುವುದು ಅದರ ಮಾಮೂಲಿ ತಪ್ಪು. ಅದನ್ನು ಹಿಡಿಯುವ ಕಣ್ಣು ನಿಮ್ಮ ಇಷ್ಟು ವರ್ಷದ ಗಳಿಕೆ, ಮೊದಲು ಅದನ್ನು ಅಳೆದುಕೊಳ್ಳಿ. ಕಂಪನಿಯ ಕೋಡನ್ನು ಮಾತ್ರ ಹೊರಗಿನ ಎಐಗೆ ಅಂಟಿಸಬೇಡಿ, ಕೆಲಸಕ್ಕೇ ಕುತ್ತು ಬಂದೀತು.

ಪ್ರಶ್ನೆ: ಅಪ್ಪ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಬರಹಗಳು ಹೊಸ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಹಾಳಾಗಿವೆಯೇ? (ಗೋಕಾಕ)

ಉತ್ತರ: ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಆವೃತ್ತಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂಡಿಸುತ್ತಿದ್ದವು. ಆ ಫಾಂಟ್ ಹಾಕಿದರೆ ಬರಹ ಮತ್ತೆ ಕಾಣುತ್ತದೆ. ಮೂಲ ಫೈಲುಗಳನ್ನು ಮುಟ್ಟದೆ ಪ್ರತಿ ಮಾಡಿಕೊಂಡು, ಪ್ರತಿಯನ್ನು ಪರಿವರ್ತಕದಿಂದ ಯುನಿಕೋಡಿಗೆ ತನ್ನಿ. ಆಮೇಲೆ ಅರ್ಕಾವೊತ್ತು, ಎರಡೆರಡು ಒತ್ತಿರುವ ‘ಸ್ತ್ರೀ’, ‘ಶಾಸ್ತ್ರ’ದಂಥ ಪದಗಳು, ನಡುನಡುವೆ ಬಂದ ಇಂಗ್ಲಿಷ್ ಹೆಸರುಗಳು, ಇಷ್ಟನ್ನು ಕಣ್ಣಿನಿಂದಲೇ ಹೋಲಿಸಿ. ಪರಿವರ್ತಕ ಎಡವುವುದು ಅಲ್ಲೇ. ಇಂಗ್ಲಿಷ್ ಹೆಸರು ಅರ್ಥವಿಲ್ಲದ ಕನ್ನಡವಾಗಿ ಬಂದಿದ್ದರೆ ಮೂಲ ತೆರೆದು ಫಾಂಟ್ ಬದಲಿಸಿ ಓದಿ, ಸಿಗುತ್ತದೆ.