ನೀಲಿ ಟೊಪ್ಪಿ ಹಾಕಿದವರು ಗುಂಡು ಹಾರಿಸಬಾರದೇ?

ಪ್ರಶ್ನೆ: ಅಕ್ಕನ ಮಗ ವಿಶ್ವಸಂಸ್ಥೆಯ ನೀಲಿ ಟೊಪ್ಪಿಯ ಶಾಂತಿಪಾಲನಾ ಪಡೆಯಲ್ಲಿ ದಕ್ಷಿಣ ಸುಡಾನಿಗೆ ಹೊರಟಿದ್ದಾನೆ. ಅಲ್ಲಿ ಗುಂಡು ಹಾರಿಸುವ ಹಾಗಿಲ್ಲ ಎನ್ನುತ್ತಾರೆ ನೆರೆಕರೆಯವರು. ಮತ್ತೆ ಬಂದೂಕು ಯಾಕೆ? ಸಂಬಳ ಕೊಡುವುದು ಯಾರು?
– ಓದುಗರು, ಬದಿಯಡ್ಕ

ಉತ್ತರ: ಹಾರಿಸಬಹುದು, ಆದರೆ ಯುದ್ಧ ಗೆಲ್ಲುವುದಕ್ಕಲ್ಲ. ತನ್ನ ಪ್ರಾಣಕ್ಕೆ ಅಥವಾ ಭದ್ರತಾ ಮಂಡಳಿ ಠರಾವಿನಲ್ಲಿ ವಹಿಸಿದ ಕೆಲಸಕ್ಕೆ ಸಂಚಕಾರ ಬಂದಾಗ ಮಾತ್ರ. ದಕ್ಷಿಣ ಸುಡಾನಿನಲ್ಲಿ ಆ ಕೆಲಸದಲ್ಲಿ ಮುಖ್ಯವಾದದ್ದು ನಾಗರಿಕರ ರಕ್ಷಣೆ. ಮೊದಲು ಕೂಗಿ ಎಚ್ಚರಿಸಬೇಕು, ಕೇಳದಿದ್ದರೆ ಎಚ್ಚರಿಕೆಯ ಗುಂಡು, ಆಮೇಲೆ ಗುರಿಯಿಟ್ಟು. ಎದುರಾಳಿ ಆಗಲೇ ಗುಂಡು ಹಾರಿಸುತ್ತಿದ್ದರೆ ಈ ಮೆಟ್ಟಿಲುಗಳಿಗೆ ಕಾಯಬೇಕಿಲ್ಲ. ಅಪಾಯವಿಲ್ಲ ಎಂದು ಹೇಳಿದರೆ ಸುಳ್ಳಾದೀತು: 2013ರ ಡಿಸೆಂಬರಿನಲ್ಲಿ ಅಲ್ಲಿನ ಅಕೋಬೊ ಎಂಬಲ್ಲಿ ವಿಶ್ವಸಂಸ್ಥೆಯ ನೆಲೆಯಲ್ಲಿ ಆಶ್ರಯ ಪಡೆದವರನ್ನು ಹುಡುಕಿಕೊಂಡು ಬಂದ ಗುಂಪಿನ ದಾಳಿಗೆ ಇಬ್ಬರು ಭಾರತೀಯ ಯೋಧರು ಬಲಿಯಾದರು.

ಈ ಪಡೆಯ ನಿಜವಾದ ಬಲ ಬಂದೂಕಲ್ಲ, ಜಗಳವಾಡುವವರ ಒಪ್ಪಿಗೆ. 1967ರ ಮೇ ತಿಂಗಳಲ್ಲಿ ಈಜಿಪ್ಟ್ ತನ್ನ ಇಸ್ರೇಲ್ ಗಡಿಯಲ್ಲಿದ್ದ ವಿಶ್ವಸಂಸ್ಥೆಯ ಪಡೆಗೆ 'ಹೊರಡಿ' ಎಂದಿತು, ಪಡೆ ಹೊರಟಿತು; ಜೂನ್ 5ಕ್ಕೆ ಇಸ್ರೇಲಿನ ಜೊತೆ ಯುದ್ಧ. ಇನ್ನೊಂದು ಎಡವಟ್ಟು, ದೊಡ್ಡ ಹೊಣೆ ಹೊರಿಸಿ ಸಣ್ಣ ಪಡೆ ಕಳಿಸುವುದು. ಯುದ್ಧ ನಡೆಯುತ್ತಿದ್ದ ಬೋಸ್ನಿಯಾದಲ್ಲಿ ನಾಗರಿಕರ ರಕ್ಷಣೆಗೆಂದು ಭದ್ರತಾ ಮಂಡಳಿ ಗುರುತಿಸಿದ 'ಸುರಕ್ಷಿತ ಪ್ರದೇಶ'ಗಳಿಗೆ 34,000 ಸೈನಿಕರು ಬೇಕೆಂದು ಅಂದಾಜಿಸಿದ್ದರು, ಮಂಡಳಿ ಒಪ್ಪಿದ್ದು 7,600ಕ್ಕೆ. 1995ರಲ್ಲಿ ಆ ಪ್ರದೇಶಗಳಲ್ಲೊಂದಾದ ಸ್ರೆಬ್ರೆನಿತ್ಸಾದಲ್ಲಿ ಸುಮಾರು 8,000 ಮಂದಿಯ ಕೊಲೆಯಾಯಿತು. ಅಲ್ಲಿ ವಿಶ್ವಸಂಸ್ಥೆಯ ಪಡೆಯಾಗಿದ್ದ ಡಚ್ ಸೈನಿಕರನ್ನು ಬೈಯುವವರು ಈ ಲೆಕ್ಕವನ್ನೂ ನೋಡಬೇಕು.

ಸಂಬಳ ಭಾರತ ಸರಕಾರದ್ದೇ. ವಿಶ್ವಸಂಸ್ಥೆಗೆ ಸ್ವಂತ ಸೈನ್ಯವಿಲ್ಲ. ಅದು ತಲೆಗೆ ಇಷ್ಟೆಂದು ಸರಕಾರಕ್ಕೆ ತುಂಬಿಕೊಡುತ್ತದೆ. 2018ರಲ್ಲಿ ನಿಗದಿಯಾದದ್ದು ತಿಂಗಳಿಗೆ 1,428 ಡಾಲರ್. ಸರಕಾರ ಕಳಿಸಿದ ವಾಹನ, ಜನರೇಟರುಗಳಿಗೆ ಬಾಡಿಗೆ ಬೇರೆ. ತಪಾಸಣೆಯಲ್ಲಿ ಗಾಡಿ ಕೆಟ್ಟು ನಿಂತದ್ದು ಕಂಡರೆ ಆ ಬಾಡಿಗೆಗೆ ಕತ್ತರಿ.

ಪ್ರಶ್ನೆ: ಶ್ರೀಲಂಕಾಕ್ಕೆ ಹೋದ ನಮ್ಮ ಸೈನ್ಯಕ್ಕೂ 'ಶಾಂತಿಪಾಲನಾ ಪಡೆ' ಎಂದೇ ಹೆಸರಿತ್ತಲ್ಲ, ಅದೂ ಇದೇ ಏನು?
– ಓದುಗರು, ತಾಳವಾಡಿ

ಉತ್ತರ: ಅಲ್ಲ. ಹೆಸರು ಮಾತ್ರ ಒಂದೇ. ಅದು ಹೋದದ್ದು 1987ರ ಜುಲೈ 29ರ ಭಾರತ–ಶ್ರೀಲಂಕಾ ಒಪ್ಪಂದದ ಮೇಲೆ; ಅದರಲ್ಲಿ ವಿಶ್ವಸಂಸ್ಥೆಯ ಪಾತ್ರವಿರಲಿಲ್ಲ, ನೀಲಿ ಟೊಪ್ಪಿಯೂ ಇರಲಿಲ್ಲ. ಸಹಿ ಹಾಕಿದ್ದು ಎರಡು ಸರಕಾರಗಳು. ಆಯುಧ ಕೆಳಗಿಡಬೇಕಾಗಿದ್ದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ ಸಹಿ ಅದರಲ್ಲಿರಲಿಲ್ಲ. ಅಕ್ಟೋಬರಿಗೆ ಕಾಳಗವೇ ಶುರುವಾಯಿತು. 1990ರ ಮಾರ್ಚಿನಲ್ಲಿ ಪಡೆ ವಾಪಸಾಗುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯ ಯೋಧರು ತೀರಿಹೋಗಿದ್ದರು.