ಸವೆದ ಮೂರು ಕಾಲಿನ ನಿಕ್ಕಲ್‌ಗೆ ಯಾವ ಗ್ರೇಡ್ ಕೊಡಬೇಕು?

ನಿಮ್ಮಲ್ಲಿರುವುದು 1937ರಲ್ಲಿ ಅಚ್ಚಾದ, ಡೆನ್ವರ್ ಟಂಕಸಾಲೆಯ ‘ಡಿ’ ಗುರುತಿರುವ ಅಮೆರಿಕದ ಬಫಲೋ ನಿಕ್ಕಲ್, ಅಂದರೆ ಐದು ಸೆಂಟ್‌ನ ನಾಣ್ಯ. ಅದರ ಹಿಂಬದಿಯ ಕಾಡುಕೋಣಕ್ಕೆ ಒಂದು ಮುಂಗಾಲು ಇಲ್ಲ, ಕೊಂಬು ಅರ್ಧಕ್ಕಿಂತ ತುಸು ಹೆಚ್ಚು ಉಳಿದಿದೆ, ಇಸವಿ ಪೂರ್ತಿ ಓದಲು ಬರುತ್ತದೆ. ಒಬ್ಬರು ಇದನ್ನು ವೆರಿ ಫೈನ್ ಎಂದರು, ಇನ್ನೊಬ್ಬರು ಫೈನ್ ಎಂದರು. ಕಾಲೇ ಕಾಣದಿರುವಾಗ ಗ್ರೇಡ್ ಇನ್ನೂ ಕೆಳಗಿಳಿಯಬೇಕಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ಇಳಿಯಬೇಕಾಗಿಲ್ಲ. ಗ್ರೇಡ್ ಎಂದರೆ ನಾಣ್ಯವು ಟಂಕಸಾಲೆಯಿಂದ ಹೊರಬಿದ್ದ ಮೇಲೆ ಎಷ್ಟು ಸವೆದಿದೆ ಎಂಬುದರ ಲೆಕ್ಕ. ನಿಮ್ಮ ನಾಣ್ಯದ ಕಾಲು ಯಾರ ಜೇಬಿನಲ್ಲೂ ಸವೆದು ಹೋದದ್ದಲ್ಲ, ಅದು ಹುಟ್ಟುವಾಗಲೇ ಇರಲಿಲ್ಲ. ಹಿಂಬದಿಯ ಅಚ್ಚಿನ ಮೇಲಿದ್ದ ಕಲೆಗಳನ್ನು ತೆಗೆಯಲು ಅದನ್ನು ಅತಿಯಾಗಿ ಉಜ್ಜಿದ್ದರಿಂದ ಆದ ಲೋಪವಿದು. ಅಚ್ಚಿನಲ್ಲಿ ಚಿತ್ರವು ತಗ್ಗಾಗಿ ಕೊರೆದಿರುತ್ತದೆ. ನಾಣ್ಯದಲ್ಲಿ ಯಾವ ಭಾಗ ಅತಿ ಕಡಿಮೆ ಉಬ್ಬಿರುತ್ತದೋ ಆ ಭಾಗ ಅಚ್ಚಿನಲ್ಲಿ ಅತಿ ಕಡಿಮೆ ಆಳ ಹೊಂದಿರುತ್ತದೆ, ಆದ್ದರಿಂದ ಅಚ್ಚಿನ ಮೇಲ್ಮೈಯನ್ನು ತಿಕ್ಕಿದಾಗ ಮೊದಲು ಅಳಿಯುವುದು ಅದೇ. ಕಾಡುಕೋಣವು ಎಡಕ್ಕೆ ಮುಖ ಮಾಡಿ ನಿಂತಿರುವುದರಿಂದ ಆಚೆ ಬದಿಯ ಬಲಮುಂಗಾಲು ಅಷ್ಟಾಗಿ ಉಬ್ಬಿರಲಿಲ್ಲ. ಅದು ಹೋಯಿತು, ಗೊರಸು ಮಾತ್ರ ನೆಲದ ಮೇಲೆ ಉಳಿಯಿತು. ಚಲಾವಣೆಯ ಸವೆತ ಇದಕ್ಕೆ ತದ್ವಿರುದ್ಧ: ಅದು ಎತ್ತರದ ಭಾಗಗಳನ್ನು ಮೊದಲು ತಿನ್ನುತ್ತದೆ. ಹೀಗೆ ನಿಮ್ಮ ನಾಣ್ಯದಲ್ಲಿ ಎರಡು ಬಗೆಯ ನಷ್ಟ ಒಂದರ ಮೇಲೊಂದು ಕುಳಿತಿದೆ. ಅವೆರಡನ್ನೂ ಬೇರೆ ಬೇರೆಯಾಗಿ ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಆದರೆ ಗ್ರೇಡ್‌ಗಿಂತ ಮೊದಲು ನಾಣ್ಯ ಅಸಲಿಯೇ ಎಂಬುದನ್ನು ತೀರ್ಮಾನಿಸಿ. ಸಾಮಾನ್ಯ ನಿಕ್ಕಲ್‌ನ ಕಾಲನ್ನು ಕೆರೆದು ಮಾಡಿದ ನಕಲಿಗಳು ಬಹಳ ಇವೆ. ನನ್ನ ಸಂಗ್ರಹದ ಆರಂಭದ ದಿನಗಳಲ್ಲಿ ಅಂಥದೊಂದನ್ನು ನಾನೂ ಕೊಂಡಿದ್ದೆ. ಬೆಳಕಿಗೆ ಓರೆಯಾಗಿ ಹಿಡಿದಾಗ ಕಾಲು ಇರಬೇಕಾದ ಜಾಗ ಸುತ್ತಲಿನ ಬಯಲಿಗಿಂತ ಕೂದಲೆಳೆಯಷ್ಟು ತಗ್ಗಾಗಿ ಕಂಡಿತು, ಅಲ್ಲಿನ ಹೊಳಪೂ ಬೇರೆಯಾಗಿತ್ತು. ಉಳಿಯ ಗೆರೆಗಳು ಒಂದೇ ದಿಕ್ಕಿಗೆ ಓಡಿದ್ದವು. ಅಸಲಿಯಲ್ಲಿ ಹಾಗಿರುವುದಿಲ್ಲ. ಅಚ್ಚಿಗೆ ಆದ ಗಾಯ ನಾಣ್ಯದಲ್ಲಿ ಉಬ್ಬಾಗಿ ಮೂಡುತ್ತದೆ, ನಾಣ್ಯಕ್ಕೇ ಆದ ಗಾಯ ತಗ್ಗಾಗಿ ಉಳಿಯುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಉಪಯುಕ್ತವಾದ ಸೂತ್ರ ಇನ್ನೊಂದಿಲ್ಲ. ಆದ್ದರಿಂದ ಕಾಡುಕೋಣದ ಹೊಟ್ಟೆಯ ಕೆಳಗಿನಿಂದ ನೆಲದವರೆಗೆ ಉಬ್ಬಿದ ಸಣ್ಣ ಚುಕ್ಕೆಗಳ ಸಾಲೊಂದು ಇಳಿದಿದೆಯೇ ನೋಡಿ. ಹಿಂಗಾಲು ಬಡಕಲಾಗಿ, ನುಸಿ ತಿಂದಂತೆ ಕಾಣಬೇಕು. ಲೋಹವನ್ನು ಕೆರೆದು ತೆಗೆಯುವುದು ಸುಲಭ, ಇಲ್ಲದ ಕಡೆ ಉಬ್ಬು ಮೂಡಿಸುವುದು ಕಷ್ಟ. ಹಾಗಾಗಿ ನಾನು ಇಲ್ಲದ ಕಾಲಿಗಿಂತ ಆ ಚುಕ್ಕೆಗಳನ್ನೇ ಹೆಚ್ಚು ನಂಬುತ್ತೇನೆ. ನಿಮ್ಮ ನಾಣ್ಯದಷ್ಟು ಸವೆದರೂ ಅವುಗಳ ಸುಳಿವು ಸಾಮಾನ್ಯವಾಗಿ ಸಿಗುತ್ತದೆ.

ಇನ್ನು ಗ್ರೇಡ್. ಇಂದು ಬಳಕೆಯಲ್ಲಿರುವ 1ರಿಂದ 70ರವರೆಗಿನ ಅಂಕಗಳ (ಅಂಕ ಹೆಚ್ಚಿದಷ್ಟೂ ನಾಣ್ಯದ ಸ್ಥಿತಿ ಉತ್ತಮ) ಮೂಲ, ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳಿಗೆಂದು ರೂಪಿಸಿದ ಕ್ರಮದಲ್ಲಿದೆ. ಬಫಲೋ ನಿಕ್ಕಲ್‌ನಲ್ಲಿ ಎಲ್ಲರೂ ಮೊದಲು ನೋಡುವುದು ಕೊಂಬನ್ನು. ಕೊಂಬು ಕಾಣದಿದ್ದರೆ ಗುಡ್, ಚಪ್ಪಟೆಯಾಗಿ ಜಾಡು ಮಾತ್ರ ಉಳಿದಿದ್ದರೆ ವೆರಿ ಗುಡ್, ಭಾಗಶಃ ಸ್ಪಷ್ಟವಿದ್ದರೆ ಫೈನ್, ಬಹುಪಾಲು ತುದಿಯವರೆಗೂ ಕಂಡರೆ ವೆರಿ ಫೈನ್ ಎಂಬುದು ರೂಢಿಯ ಲೆಕ್ಕ. ಈ ನಾಣ್ಯದ ವಿಷಯದಲ್ಲಿ ಮಾತ್ರ ಕೊಂಬೊಂದನ್ನೇ ನೆಚ್ಚಿಕೊಳ್ಳಬೇಡಿ, ಏಕೆಂದರೆ ಅಚ್ಚು ಸರಿಯಾಗಿ ಒತ್ತದೆ ಹಿಂಬದಿಯ ಚಿತ್ರ ಮೊದಲೇ ಮಸುಕಾಗಿರುವ ಸಾಧ್ಯತೆ ಇರುತ್ತದೆ. ಮುಂಬದಿಯನ್ನು ತಿರುಗಿಸಿ, ಬುಡಕಟ್ಟು ನಾಯಕನ ಕೆನ್ನೆಯ ಮೂಳೆ ಮತ್ತು ಹಣೆಯ ಬಳಿಯ ಕೂದಲನ್ನು ಪರೀಕ್ಷಿಸಿ. ಜಡೆಗೆ ಸುತ್ತಿದ ಪಟ್ಟಿಯ ಗಂಟು ಎಷ್ಟು ಉಳಿದಿದೆ ನೋಡಿ. ಮುಂಬದಿ ವೆರಿ ಫೈನ್ ಮಟ್ಟದಲ್ಲಿದ್ದು ಕೊಂಬು ಮಾತ್ರ ಕುಂದಿದ್ದರೆ ಆ ಕೊರತೆಗೆ ಸವೆತವಲ್ಲ, ಅಚ್ಚೊತ್ತುವಿಕೆ ಕಾರಣವಿರಬಹುದು. ಸವೆದ ಲೋಹ ನುಣುಪಾಗಿ, ಮಂಕಾಗಿ ಇರುತ್ತದೆ. ಅಚ್ಚು ತಲುಪದ ಜಾಗದಲ್ಲಿ, ಅಚ್ಚೊತ್ತುವ ಮುಂಚಿನ ಲೋಹದ ಬಿಲ್ಲೆಯ ಮೂಲ ಒರಟುತನ ಸ್ವಲ್ಪವಾದರೂ ಕಾಣುತ್ತದೆ. ನೀವು ಹೇಳಿರುವ ಪ್ರಕಾರ ಕೆನ್ನೆಯೂ ಚಪ್ಪಟೆಯಾಗಿದೆ, ಕಾಡುಕೋಣದ ಬಾಲವೂ ನುಣುಪಾಗಿದೆ. ಎರಡೂ ಬದಿ ಒಂದೇ ಮಾತು ಹೇಳುತ್ತಿರುವುದರಿಂದ ನಾನು ಇದನ್ನು ಫೈನ್-15 ಎನ್ನುತ್ತೇನೆ. ಫೈನ್-12 ಎಂದವರೊಂದಿಗೆ ವಾದಿಸುವುದಿಲ್ಲ, ವೆರಿ ಫೈನ್-20 ಎಂಬುದನ್ನು ಒಪ್ಪುವುದಿಲ್ಲ.

ಇಸವಿಯ ಬಗ್ಗೆ ಒಂದು ಎಚ್ಚರಿಕೆ. ಈ ವಿನ್ಯಾಸ 1913ರಲ್ಲಿ ಚಲಾವಣೆಗೆ ಬಂದಾಗಲೇ ಹಿಂಬದಿಯ ‘ಐದು ಸೆಂಟ್’ ಎಂಬ ಬರಹ ಬೇಗ ಸವೆಯುವುದನ್ನು ಕಂಡು ಅದೇ ವರ್ಷ ಅದನ್ನು ತಗ್ಗಿಗೆ ಇಳಿಸಿದರು, ಆದರೆ ನಾಯಕನ ಭುಜದ ಮೇಲಿನ ಇಸವಿಗೆ ಆ ರಕ್ಷಣೆ ಸಿಗಲಿಲ್ಲ. ಆದ್ದರಿಂದ ಅಳಿಸಿಹೋದ ಇಸವಿಯನ್ನು ಆಮ್ಲ ಹಚ್ಚಿ ಎಬ್ಬಿಸುವ ರೂಢಿ ಇದೆ. ಅಂಕಿಗಳ ಸುತ್ತ ಮಾತ್ರ ಮೇಲ್ಮೈ ಒರಟಾಗಿ, ಬಣ್ಣ ಬೇರೆಯಾಗಿ ಕಂಡರೆ ಆ ನಾಣ್ಯಕ್ಕೆ ಅಂಕದ ಗ್ರೇಡ್ ಸಲ್ಲದು, ಹಾನಿಯನ್ನು ನಮೂದಿಸಿಯೇ ವಿವರಿಸಬೇಕಾಗುತ್ತದೆ. ತಿಕ್ಕಿ ತೊಳೆದ ನಾಣ್ಯಕ್ಕೂ ಇದೇ ಗತಿ, ಹಾಗಾಗಿ ದಯವಿಟ್ಟು ನೀವು ಅದನ್ನು ಸ್ವಚ್ಛಗೊಳಿಸಲು ಹೋಗಬೇಡಿ.

ಒಂದೇ ದೀಪದ ಕೆಳಗೆ, ಅಂಚನ್ನು ಮಾತ್ರ ಹಿಡಿದು, ನಾಣ್ಯವನ್ನು ನಿಧಾನವಾಗಿ ಓರೆಯಾಗಿಸುತ್ತ ನೋಡಿ. ಗ್ರೇಡ್ ಹೇಳಲು 5 ಪಟ್ಟು ಹಿಗ್ಗಿಸುವ ಮಸೂರ ಸಾಕು, ಚುಕ್ಕೆಗಳ ಸಾಲು ಹುಡುಕಲು 10 ಪಟ್ಟಿನದು ಬೇಕು. ಹೊದಿಕೆಯ ಮೇಲೆ ಬರೆಯುವಾಗ ‘1937-ಡಿ, ಮೂರು ಕಾಲು’ ಎಂಬುದನ್ನು ಒಂದು ಸಾಲಿನಲ್ಲಿ, ‘ಫೈನ್-15’ ಎಂಬುದನ್ನು ಇನ್ನೊಂದು ಸಾಲಿನಲ್ಲಿ ಬರೆಯಿರಿ. ಹೊಟ್ಟೆಯ ಕೆಳಗಿನ ಭಾಗದ ಚಿತ್ರವನ್ನು ಓರೆ ಬೆಳಕಿನಲ್ಲಿ ತೆಗೆದು ಕಳುಹಿಸಿದರೆ ಚುಕ್ಕೆಗಳ ಬಗ್ಗೆ ನನ್ನ ಅಭಿಪ್ರಾಯವನ್ನೂ ತಿಳಿಸುತ್ತೇನೆ.