ಉಡುಪಿಯಲ್ಲಿ ಸ್ವರಕ್ಷಣೆಗೆ .32 ರಿವಾಲ್ವರ್ ಲೈಸೆನ್ಸ್ ಸಿಕ್ಕಿದೆ. ಯಾವ ಗುಂಡು ಒಳ್ಳೆಯದು?

ಅಮೆರಿಕದ ವಿಡಿಯೋಗಳಲ್ಲಿ ಬರುವ 9 ಎಂಎಂ, ಹಾಲೋ ಪಾಯಿಂಟ್ (ತುದಿ ಟೊಳ್ಳಾದ ಗುಂಡು) ಚರ್ಚೆಯನ್ನು ಬದಿಗಿಡಿ ಮಾರಾಯ್ರೆ. 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ). ಆಯ್ಕೆ ಮಾಡುವಷ್ಟು ಬಗೆ ನಮ್ಮ ಅಂಗಡಿಗಳಲ್ಲಿ ಇರುವುದೂ ಇಲ್ಲ.

ನೋಡಬೇಕಾದ್ದು ಹೊಂದಾಣಿಕೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರಿಗೆ ಬೇಕಾದ್ದು ‘ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್’ ಎಂಬ ಗುಂಡು; .32 ಪಿಸ್ತೂಲಿನದು ‘ಎಸಿಪಿ’ ಎಂಬ ಬೇರೆ ಗುಂಡು. ಎರಡೂ .32 ಎಂದು ಅದಲುಬದಲು ಮಾಡಬೇಡಿ. ಎಸಿಪಿ ಗುಂಡು ಕೆಲವು ರಿವಾಲ್ವರುಗಳೊಳಗೆ ಸಲೀಸಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ: ಲಾಂಗ್‌ಗೆ ನಿಗದಿಯಾದ ಗರಿಷ್ಠ ಒತ್ತಡ 15,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಎಸಿಪಿಗೆ 20,500. ಬ್ಯಾರೆಲ್ ಮೇಲಿನ ಗುರುತನ್ನೂ ಪೊಟ್ಟಣದ ಮೇಲಿನ ಹೆಸರನ್ನೂ ಓದಿಯೇ ಕೊಳ್ಳಿ. ಎಷ್ಟು ಕೊಳ್ಳಬಹುದೆಂಬುದು ಲೈಸೆನ್ಸಿನಲ್ಲೇ ಬರೆದಿರುತ್ತದೆ.

ಬ್ರ್ಯಾಂಡಿಗಿಂತ ನಮ್ಮ ಮಳೆಗಾಲದ ಚಿಂತೆ ದೊಡ್ಡದು. ಗುಂಡುಗಳನ್ನು ಚರ್ಮದ ಬೆಲ್ಟಿನಲ್ಲೇ ಬಿಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಬೀಗದೊಳಗೆ ಇಡಿ. ಎಣ್ಣೆ ಮಾತ್ರ ಸವರಬೇಡಿ, ಗುಂಡಿನ ಹಿಂಬದಿಯ ಪ್ರೈಮರ್‌ಗೆ (ಕಿಡಿ ಹೊತ್ತಿಸುವ ಭಾಗಕ್ಕೆ) ಇಳಿದರೆ ಗುಂಡು ಹಾರದೇ ಹೋಗಬಹುದು. ಕಿಲುಬು ಹಿಡಿದದ್ದನ್ನು ಉಜ್ಜಿ ಮತ್ತೆ ತುಂಬಬೇಡಿ, ಲೈಸೆನ್ಸ್ ಇರುವ ಡೀಲರ್ ಹತ್ತಿರ ಕೇಳಿ.

ಚುನಾವಣೆ ಬಂತೆಂದರೆ ಆಯುಧವನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಲು ಆದೇಶ ಬರುವುದುಂಟು. ಆಗ ರಶೀದಿ ಪಡೆದುಕೊಳ್ಳಿ.